ಡಂಕರಿಯ ನೆತ್ತಿಗೆ

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ, ಬ್ರಿಸ್ಟಲ್ ಕಡಲ್ಗಾಲುವೆಯ ದಕ್ಷಿಣ ತೀರದುದ್ದಕ್ಕೂ ಹಬ್ಬಿರುವ ಎಕ್ಸ್‌ಮೂರ್ ಎಂಬ ಬೋಳು ಪ್ರಸ್ಥಭೂಮಿಯು, ಕಾಡಿನ ನಿಬಿಡತೆಯನ್ನೇ ಸೃಷ್ಟಿಯ ಸಮೃದ್ಧಿಯೆಂದು ಬಗೆದು ಬೆಳೆದ ನಮ್ಮ ಮಲೆನಾಡಿನವರ ಕಣ್ಣಿಗೆ ಮೊದಲ ನೋಟದಲ್ಲಿ ನಿರ್ಜನವಾಗಿ, ನಿರ್ಜೀವವಾಗಿ ಕಾಣುವುದು ಸಹಜ. ಮರವಿಲ್ಲ, ಮನೆಯಿಲ್ಲ, ಮೊಣಕಾಲೆತ್ತರದ ಹೆದರ್ ಪೊದೆ, ಅಲ್ಲಲ್ಲಿ ಹಳದಿ ಹೂವಿನ ಮುಳ್ಳುಗಿಡ ಗೋರ್ಸ್, ಎಡೆಬಿಡದ ಗಾಳಿ, ಇಷ್ಟೆ. ಆದರೆ ಈ ಬಯಲನ್ನು ನಾಯಿಯೊಂದರ ಜೊತೆಯಲ್ಲಿ ದಾಟಿ ಬೆಟ್ಟದ ನೆತ್ತಿಯನ್ನು ಸೇರಿದವನು, ಅದು ಬರಿದಾದ ನೆಲವೆಂದು ಮತ್ತೆಂದೂ ಹೇಳಲಾರನು.

ಮಗಳ ಮನೆಯ ಸ್ಪೇನಿಯಲ್ ಜಾತಿಯ ಹೆಣ್ಣುನಾಯಿ ಟೆಸ್ಸಿಯೊಡನೆ, ಜೂನ್ ತಿಂಗಳ ಒಂದು ಮುಂಜಾನೆ, ಡಂಕರಿ ಗೇಟ್ ಎಂಬಲ್ಲಿಂದ ನಾನು ಹೊರಟೆನು. ಡಂಕರಿ ಬೀಕನ್ 519 ಮೀಟರ್ ಎತ್ತರದ ಗುಡ್ಡ. ನಮ್ಮ ಮುಳ್ಳಯ್ಯನಗಿರಿಯ ಮುಂದೆ ಅದು ಮೂರನೆಯ ಒಂದು ಪಾಲೂ ಇಲ್ಲ. ಆದರೂ ಎಕ್ಸ್‌ಮೂರಿಗೆ ಅದಕ್ಕಿಂತ ಎತ್ತರದ ನೆತ್ತಿಯಿಲ್ಲ, ದಾರಿಯೂ ಕಡಿದಾದುದಲ್ಲ.

ನಡಿಗೆಯ ಗುರಿ ನನಗಿದ್ದಿತೇ ಹೊರತು ಟೆಸ್ಸಿಗೆ ಇರಲಿಲ್ಲ. ನನ್ನ ದೃಷ್ಟಿ ಮುಂದಿನ ಏರಿನ ಮೇಲೆ ನಟ್ಟಿದ್ದರೆ, ಅವಳ ಮೂಗು ನೆಲವನ್ನು ಗೇಣುಗೇಣಾಗಿ ಓದುತ್ತಿದ್ದಿತು. ನಾಯಿ ಮೂಸುವಾಗ ಹೊರಬಿಡುವ ಉಸಿರು ಹೊಳ್ಳೆಗಳ ಪಕ್ಕದ ಸೀಳುಗಳಿಂದ ಸರಿದುಹೋಗುವುದರಿಂದ ಎದುರಿನ ಗಂಧ ಚದುರುವುದಿಲ್ಲವಂತೆ. ಈ ಸೂಕ್ಷ್ಮ ಏರ್ಪಾಟನ್ನು ಬಲ್ಲವನಿಗೆ, ಅವಳು ನಿಂತಲ್ಲೆಲ್ಲ ಅಸಹನೆಯಿಂದ ಹಗ್ಗ ಜಗ್ಗಲು ಮನಸ್ಸಾಗದು. ಇಬ್ಬನಿ ಆರದ ಪೊದೆಯೊಂದರ ಬುಡದಲ್ಲಿ ಅವಳು ಬಹಳ ಹೊತ್ತು ನಿಂತಳು. ಬಗ್ಗಿ ನೋಡಿದರೆ ಕೆಸರಿನಲ್ಲಿ ಸೀಳುಗೊರಸಿನ ದೊಡ್ಡ ಹೆಜ್ಜೆ. ಇಲ್ಲಿಯ ಕೆಂಪು ಜಿಂಕೆಯದು. ಮತ್ತೊಂದೆಡೆ ಕುದುರೆಲದ್ದಿ, ಮೂತಿಯ ಸುತ್ತ ಹಿಟ್ಟು ಬಳಿದಂತೆ ಮಸುಕು ಬಣ್ಣವುಳ್ಳ ಎಕ್ಸ್‌ಮೂರ್ ಕುದುರೆಗಳು ಬೆಳಗಿಗೆ ಮುಂಚೆ ಆ ಹಾದಿಯಲ್ಲಿ ಹಾದುಹೋಗಿದ್ದುವೆಂದು ನಾನು ಅರಿತದ್ದು ಅವಳ ಮೂಲಕವೇ.

ಸ್ವಲ್ಪ ಮೇಲೇರಿದಾಗ ಹಗ್ಗ ಒಮ್ಮೆಲೆ ಬಿಗಿಯಿತು. ಟೆಸ್ಸಿ ಮುಂಗಾಲೊಂದನ್ನು ನೆಲದಿಂದೆತ್ತಿ ನಿಂತಳು. ಮರುಕ್ಷಣ ಅವಳ ಮೂತಿಯ ಮುಂದಿನಿಂದಲೇ ಕಂದು ಬಣ್ಣದ ಪುಟ್ಟ ಹಕ್ಕಿ, ಮೆಡೋ ಪಿಪಿಟ್, ಚೀರುತ್ತ ಮೇಲೆದ್ದಿತು. ಮರವೇ ಇಲ್ಲದ ನಾಡಿನಲ್ಲಿ ಹಕ್ಕಿ ಗೂಡು ಕಟ್ಟುವುದು ನೆಲದ ಮೇಲೆ, ಪೊದೆಯ ಮರೆಯಲ್ಲಿ. ಆದುದರಿಂದಲೇ 2000ದಲ್ಲಿ ಇಲ್ಲಿ ಬಂದ ಶಾಸನವೊಂದು ಇಂತಹ ಬಯಲುಗಳಲ್ಲಿ ನಡೆದಾಡುವ ಹಕ್ಕನ್ನು ಜನರಿಗೆ ಕೊಡುವಾಗ, ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯ ಹಗ್ಗ ಎರಡು ಮೀಟರಿಗಿಂತ ಉದ್ದವಿರಕೂಡದೆಂದು ಕಟ್ಟಳೆ ಮಾಡಿತು. ಕುರಿದನಗಳ ಸಮೀಪದಲ್ಲಿಯಾದರೋ ಈ ಕಟ್ಟಳೆ ವರ್ಷವಿಡೀ ಉಂಟು. ವಿಶಾಲವಾದ ಬಯಲಿಗೆ ಬಂದೂ ನಾಯಿಯನ್ನು ಬಿಡಬಾರದೆ ಎಂದು ಗೊಣಗುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಆ ಹಕ್ಕಿಗೂ ಅದರ ಮೊಟ್ಟೆಗಳಿಗೂ ನನ್ನ ನಾಯಿಗೂ ನಡುವೆ ಆ ಮುಂಜಾನೆ ಇದ್ದ ರಕ್ಷೆ ನನ್ನ ಮುಷ್ಟಿಯಲ್ಲಿದ್ದ ಹಗ್ಗವೊಂದೇ ಆಗಿದ್ದಿತು. ನಾವು ಹಿಂಜರಿದು ಬಳಸುದಾರಿ ಹಿಡಿದೆವು.

ಈ ಬೋಳುತನವೂ ಸ್ವಭಾವಸಿದ್ಧವಾದುದಲ್ಲ. ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ಕಾಡು ಕಡಿದರು. ಅಲ್ಲಿಂದೀಚೆಗೆ ಕುರಿ, ದನ, ಕುದುರೆಗಳ ಮೇಯುವಿಕೆ ಮತ್ತು ಹಳೆಯ ಹೆದರನ್ನು ಸರದಿಯ ಮೇಲೆ ಸುಟ್ಟು ಎಳೆ ಚಿಗುರು ಬರಿಸುವ ರೂಢಿ, ಇವು ಮರಗಳನ್ನು ಮರಳಗೊಟ್ಟಿಲ್ಲ. ಗುಡ್ಡದ ಸಾಲಿನ ಮೇಲೆ ಕಂಚಿನ ಯುಗದವರು ತಮ್ಮ ಮೃತರ ಮೇಲೆ ಒಟ್ಟಿದ ಕಲ್ಲುಗುಪ್ಪೆಗಳು ಇಂದಿಗೂ ಇವೆ.

ನೆತ್ತಿಯ ಮೇಲಿನ ದೊಡ್ಡ ಗುಪ್ಪೆ ಮಾತ್ರ ಈಚಿನದು. 1935ರಲ್ಲಿ ಈ ಬೆಟ್ಟವನ್ನು ಅದರ ಒಡೆಯರು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಗೆ ಒಪ್ಪಿಸಿದುದರ ನೆನಪಿಗಾಗಿ ಕಟ್ಟಿದುದು. ಒಡೆತನವನ್ನು ಬಿಟ್ಟುಕೊಟ್ಟ ಆ ಔದಾರ್ಯದಿಂದಲೇ ಪರದೇಶಿಯಾದ ನಾನೂ ಅಲ್ಲಿ ನಿಲ್ಲುವಂತಾಯಿತು. ಉತ್ತರಕ್ಕೆ ಕಡಲು, ಅದರಾಚೆ ವೇಲ್ಸಿನ ತೀರ. ದಕ್ಷಿಣಕ್ಕೆ ಬಹು ದೂರದಲ್ಲಿ ಡಾರ್ಟ್‌ಮೂರ್ ಎಂಬ ಇನ್ನೊಂದು ಪ್ರಸ್ಥಭೂಮಿಯ ನೀಲಿ. ಟೆಸ್ಸಿ ಇವಾವುದನ್ನೂ ನೋಡಲಿಲ್ಲ. ಗಾಳಿಗೆದುರಾಗಿ ಮೂತಿಯೆತ್ತಿ, ಕಿವಿಗಳು ಹಿಂದಕ್ಕೆ ಹಾರುತ್ತಿರಲು, ನನಗೆ ನಿಲುಕದ ದೂರಗಳನ್ನು ಅವಳು ಹೀರಿಕೊಳ್ಳುತ್ತಿದ್ದಳು. ಅವಳಿಗೆ ಸಾಕೆನಿಸುವವರೆಗೆ ನಾನೂ ನಿಂತೆನು.

ಇಳಿದು ಬಂದ ಮೇಲೆ ಒಂದು ಕೆಲಸ ಉಳಿದಿದ್ದಿತು. ಜರಿಗಿಡಗಳ ನಡುವೆ ಹಾದುಬಂದ ನಾಯಿಗೆ ಉಣ್ಣಿ ಹತ್ತುವುದುಂಟು. ರಸ್ತೆಯ ಬದಿಯಲ್ಲಿ ಕುಳಿತು ಅವಳ ಕಿವಿಯ ಮಡಿಕೆ, ಕಂಕುಳು, ಬೆರಳ ಸಂದು ಎಲ್ಲವನ್ನೂ ಕೂದಲು ಬಿಡಿಸಿ ನೋಡಿದೆನು. ಕೊರಳಪಟ್ಟಿಯ ಕೆಳಗೆ ಸಿಕ್ಕಿದ ಒಂದನ್ನು ಚಿಮಟದಿಂದ ಚರ್ಮದ ಮಗ್ಗುಲಲ್ಲೇ ಹಿಡಿದು, ತಲೆ ಒಳಗೆ ಉಳಿಯದಂತೆ, ನಿಧಾನವಾಗಿ ನೇರಕ್ಕೆ ಎಳೆದು ತೆಗೆದೆನು.