ನಮ್ಮ ಮನೆಗಾಡಿಯ ಎರಡನೆಯ ಬ್ಯಾಟರಿ

ಗಾಡಿಯಲ್ಲಿಯೇ ಸಂಸಾರ ಹೂಡಿಕೊಂಡು ಊರೂರು ತಿರುಗಬೇಕೆಂಬ ಚಪಲ ನನಗೆ ಅಂಟಿಕೊಂಡದ್ದು ನಿವೃತ್ತನಾದ ಮೇಲೆ. ವಿಶಾಖಪಟ್ಟಣದಲ್ಲಿ ಮೂವತ್ತು ವರ್ಷ ನೌಕರಿ ಮಾಡಿದ ದುಡ್ಡಿನಲ್ಲಿ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಅದರ ಆಸನಗಳನ್ನು ತೆಗೆಸಿ, ಮಂಚ, ಒಲೆ, ಫ್ಯಾನು, ಒಂದು ಪುಟ್ಟ ಫ್ರಿಜ್ಜು ಇಷ್ಟನ್ನೂ ಕೂಡಿಸಿದೆ. ಕ್ಯಾಂಪರ್ ವ್ಯಾನ್ ಎಂದು ಇದರ ಹೆಸರು. ನಮ್ಮ ಅವ್ವ ಮಾತ್ರ ‘ಮನೆಗಾಡಿ’ ಎಂದಳು, ಅದೇ ಉಳಿಯಿತು.

ಇಂಥ ಗಾಡಿಗೆ ಎರಡು ಬ್ಯಾಟರಿಗಳು. ಮುಂದಿನದು ಎಂಜಿನ್ನನ್ನು ಎಬ್ಬಿಸುವುದಕ್ಕೆ. ಹಿಂದಿನದು ದೀಪ, ಫ್ಯಾನು, ಫ್ರಿಜ್ಜುಗಳಿಗೆ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಎಂಬ ಯಂತ್ರ ಮೊದಲು ಮುಂದಿನದನ್ನು ತುಂಬುತ್ತದೆ. ಆಮೇಲೆ ರಿಲೇ ಎಂಬ ದ್ವಾರಪಾಲಕನು ಬಾಗಿಲು ತೆರೆದು ಹಿಂದಿನದಕ್ಕೂ ಪಾಲು ಕೊಡುತ್ತಾನೆ. ಎಂಜಿನ್ ನಿಂತೊಡನೆ ಬಾಗಿಲು ಮುಚ್ಚುತ್ತಾನೆ. ರಾತ್ರಿಯೆಲ್ಲ ಫ್ಯಾನು ತಿರುಗಿ ಹಿಂದಿನದು ಬರಿದಾದರೂ ಬೆಳಿಗ್ಗೆ ಗಾಡಿ ಹೊರಡುವುದು ಈ ಏರ್ಪಾಟಿನಿಂದ. ಇಷ್ಟನ್ನು ತಿಳಿದುಕೊಂಡು, ನಾನು ಈ ವಿದ್ಯೆಯಲ್ಲಿ ಪಂಡಿತನಾದೆನೆಂದೇ ಭಾವಿಸಿದ್ದೆ.

ಕಳೆದ ಮಾರ್ಚ್ ತಿಂಗಳ ಕೊನೆಯಲ್ಲಿ ಅವ್ವನನ್ನು ಧಾರವಾಡಕ್ಕೆ ಕರೆದೊಯ್ಯಬೇಕಾಗಿತ್ತು. ಆಕೆಗೆ ೭೮ ವರ್ಷ; ಸಕ್ಕರೆ ಕಾಯಿಲೆ ಹಳೆಯದು. ಮೂರು ತಿಂಗಳಿಗಾಗುವಷ್ಟು ಇನ್ಸುಲಿನ್ ಸೀಸೆಗಳನ್ನು ಗಾಡಿಯ ಫ್ರಿಜ್ಜಿನಲ್ಲಿಟ್ಟೆವು. ಒಡೆಯದ ಸೀಸೆಗಳು ೨ರಿಂದ ೮ ಡಿಗ್ರಿಯ ತಂಪಿನಲ್ಲಿರಬೇಕು. ಹಾಗೆಂದು ಹೆಪ್ಪುಗಟ್ಟಲೂ ಕೂಡದು. ನೇರವಾಗಿ ಹೋಗುವುದೇಕೆ ಎಂದು ಮೊದಲು ಅರಕು ಕಣಿವೆಗೆ ಹೋಗಿ ಎರಡು ರಾತ್ರಿ ತಂಗಿದೆವು. ಅಲ್ಲಿಂದ ಪಾಡೇರು, ಚೋಡವರಂ ದಾರಿಯಾಗಿ ಘಾಟಿಯಿಳಿದು ಅನಕಾಪಲ್ಲಿಯಲ್ಲಿ ಹೆದ್ದಾರಿ ಸೇರುವುದು, ವಿಜಯವಾಡದಲ್ಲಿ ರಾತ್ರಿ ಇಳಿದುಕೊಳ್ಳುವುದು, ಹೀಗೆ ನನ್ನ ಲೆಕ್ಕ. ಎರಡು ರಾತ್ರಿಯಲ್ಲಿ ಖರ್ಚಾದ ವಿದ್ಯುತ್ತು ನಾಲ್ಕು ಗಂಟೆಯ ಪ್ರಯಾಣದಲ್ಲಿ ಬಹುಮಟ್ಟಿಗೆ ಮರಳಿ ತುಂಬುತ್ತದೆಂಬುದೂ ಅದೇ ಲೆಕ್ಕದಲ್ಲಿತ್ತು.

ಪಾಡೇರು ದಾಟಿದಾಗಲೇ ನನ್ನ ಹೆಂಡತಿ, “ರೀ, ಫ್ಯಾನ್ ಯಾಕೋ ಮೆಲ್ಲಗ ತಿರಗತದ ನೋಡ್ರಿ” ಎಂದಳು. “ಎಂಜಿನ್ ನಡದದಲ್ಲ, ತುಂಬತದ ಬಿಡು” ಎಂದು ನಾನು ಗೇರು ಬದಲಿಸಿದೆ.

ಅನಕಾಪಲ್ಲಿ ತಲುಪುವಾಗ ಮಧ್ಯಾಹ್ನದ ಒಂದು ಗಂಟೆ. ನಮ್ಮ ಮಂಡ್ಯದಂತೆ ಬೆಲ್ಲಕ್ಕೆ ಹೆಸರಾದ ಊರು ಅದು. ೨೦೨೨ರಲ್ಲಿ ಜಿಲ್ಲಾ ಕೇಂದ್ರವೂ ಆಯಿತು. ಹತ್ತಿರದ ಶಂಕರಂ ಎಂಬ ಹಳ್ಳಿಯಲ್ಲಿ ಬೊಜ್ಜನ್ನಕೊಂಡದ ಬೌದ್ಧ ಗುಹೆಗಳಿವೆ. ಊಟ ಮುಗಿಸಿ ಅವನ್ನು ನೋಡುವುದೆಂದುಕೊಂಡು, ಮಜ್ಜಿಗೆಗೆಂದು ಫ್ರಿಜ್ಜು ತೆರೆದರೆ ದೀಪವೇನೋ ಹತ್ತಿತು, ಒಳಗೆ ತಂಪಿಲ್ಲ! ಮಜ್ಜಿಗೆ ಬೆಚ್ಚಗಿದೆ, ಸೀಸೆಗಳೂ ತಣ್ಣಗಿಲ್ಲ. ದೀಪ ಹತ್ತುವುದಕ್ಕೆ ಅಲ್ಪ ಶಕ್ತಿ ಸಾಕು. ವೋಲ್ಟೇಜು ಇಳಿದರೆ ಕಂಪ್ರೆಸರು ತನ್ನ ರಕ್ಷಣೆಗಾಗಿ ತಾನೇ ನಿಂತುಬಿಡುತ್ತದೆ. ಆ ದೀಪವನ್ನು ನಂಬಿ ನಾನು ಮೋಸಹೋಗಿದ್ದೆ.

ಹೊರಗೆ ಬಿಸಿಲು ಸುರಿಯುತ್ತಿತ್ತು. ಗುಹೆಗಳು ಮರೆತೇಹೋದವು. ಬಜಾರಿನಲ್ಲಿ ಬ್ಯಾಟರಿ ಅಂಗಡಿಯೊಂದನ್ನು ಹುಡುಕಿ, “ಬ್ಯಾಟರಿ ಸತ್ತಿದೆ, ಹೊಸದು ಕೊಡಿ” ಎಂದೆ. ಅಂಗಡಿಯ ಯಜಮಾನರು ನನಗಿಂತ ಹಿರಿಯರು. ಬೇರೆಯವರಾಗಿದ್ದರೆ ಕೂಡಲೇ ಮಾರಿಬಿಡುತ್ತಿದ್ದರು. ಅವರು, “ಚೂದ್ದಾಂ” ಎಂದರು, ಅಂದರೆ, ನೋಡೋಣ. ಇನ್ಸುಲಿನ್ ವಿಷಯ ಕೇಳಿದೊಡನೆ ಮಾತ್ರ ತಡಮಾಡಲಿಲ್ಲ. ಅಂಗಡಿಯ ಹುಡುಗನ ಜೊತೆ ನನ್ನ ಹೆಂಡತಿಯನ್ನು ಎದುರಿನ ಔಷಧಿ ಅಂಗಡಿಗೆ ಕಳಿಸಿ, ಸೀಸೆಗಳನ್ನು ಅಲ್ಲಿಯ ಫ್ರಿಜ್ಜಿನಲ್ಲಿ ಇರಿಸಿದರು. “ಮೊದಲು ಅಮ್ಮನವರ ಔಷಧಿ, ಆಮೇಲೆ ಗಾಡಿ” ಎಂದು ತೆಲುಗಿನಲ್ಲಿ ಹೇಳಿ, ಕೈಯಲ್ಲಿ ಒಂದು ಮಲ್ಟಿಮೀಟರು ಹಿಡಿದು ಬಂದರು.

ಎಂಜಿನ್ ನಿಲ್ಲಿಸಿ, ದೀಪ ಫ್ಯಾನುಗಳನ್ನೆಲ್ಲ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಿಂದಿನ ಬ್ಯಾಟರಿಯನ್ನು ಅಳೆದರು. ೧೧.೯ ವೋಲ್ಟು. ವಿಶ್ರಾಂತಿಯಲ್ಲಿರುವ ಸೀಸದ ಬ್ಯಾಟರಿ ತುಂಬಿದ್ದರೆ ಸುಮಾರು ೧೨.೭ ತೋರಿಸಬೇಕು, ೧೨.೨ ಎಂದರೆ ಅರ್ಧ, ೧೧.೯ ಎಂದರೆ ಹೆಚ್ಚುಕಡಿಮೆ ಬರಿದು. “ಹಸಿದಿದೆ, ಸತ್ತಿಲ್ಲ. ಅನ್ನ ಎಲ್ಲಿ ನಿಂತಿತೋ ನೋಡಬೇಕು” ಎಂದರು.

ಎಂಜಿನ್ ಶುರುಮಾಡಿಸಿದರು. ಮುಂದಿನ ಬ್ಯಾಟರಿಯಲ್ಲಿ ೧೪.೨: ಆಲ್ಟರ್ನೇಟರ್ ಸರಿಯಾಗಿದೆ. ರಿಲೇ ದಾಟಿದ ಮೇಲೆ ೧೪.೧: ದ್ವಾರಪಾಲಕನೂ ನಿರಪರಾಧಿ. ಫ್ಯೂಸಿನ ಎರಡು ಬದಿಯಲ್ಲೂ ಮುಟ್ಟಿಸಿ ನೋಡಿದರು, ಅಲ್ಲಿಯೂ ದೋಷವಿಲ್ಲ. ಹಿಂದಿನ ಬ್ಯಾಟರಿಯ ಪ್ಲಸ್ಸಿಗೆ ಒಂದು ಕಡ್ಡಿ, ಗಾಡಿಯ ಕಬ್ಬಿಣಕ್ಕೆ ಇನ್ನೊಂದು ಇಟ್ಟರೆ ೧೪. ಅದೇ ಕಡ್ಡಿಯನ್ನು ಕಬ್ಬಿಣದಿಂದ ತೆಗೆದು ಬ್ಯಾಟರಿಯ ಮೈನಸ್ಸಿಗೆ ಇಟ್ಟರೆ ೧೨.೧ ಮಾತ್ರ! ನಾನು ಬೆಪ್ಪಾಗಿ ನಿಂತೆ. ಅವರು ನಕ್ಕು, ಒಂದು ಕಡ್ಡಿಯನ್ನು ಮೈನಸ್ಸಿಗೂ ಇನ್ನೊಂದನ್ನು ಕಬ್ಬಿಣಕ್ಕೂ ಮುಟ್ಟಿಸಿದರು. ಸೊನ್ನೆಯ ಸಮೀಪ ಇರಬೇಕಾದ ಕಡೆ ೧.೯ ವೋಲ್ಟು. ಕಳ್ಳ ಸಿಕ್ಕಿಬಿದ್ದ.

ವಿದ್ಯುತ್ತು ಬಂದರೆ ಸಾಲದು, ಮರಳಿ ಹೋಗುವುದಕ್ಕೂ ದಾರಿ ಬೇಕು. ಗಾಡಿಗಳಲ್ಲಿ ಆ ಮರಳುವ ದಾರಿ ಗಾಡಿಯ ಮೈಯೇ. ಬ್ಯಾಟರಿಯ ಮೈನಸ್ ತಂತಿಯನ್ನು ಒಂದು ಬೋಲ್ಟಿನಿಂದ ಅದಕ್ಕೆ ಬಿಗಿದಿರುತ್ತಾರೆ. ನಮ್ಮ ಗಾಡಿ ಕಟ್ಟಿದವರು ಅದನ್ನು ಬಣ್ಣದ ಮೇಲೆಯೇ ಬಿಗಿದಿದ್ದರು. ಮೇಲೆ ವಿಶಾಖಪಟ್ಟಣದ ಉಪ್ಪಿನ ಗಾಳಿ. ಎರಡು ವರ್ಷದಲ್ಲಿ ಬೋಲ್ಟಿನ ಬುಡ ತುಕ್ಕುಹಿಡಿದಿತ್ತು. ಆ ಇಕ್ಕಟ್ಟಿನಲ್ಲಿ ಹಾದುಬರುತ್ತಿದ್ದ ಮೂರು ನಾಲ್ಕು ಆಂಪಿಯರನ್ನು ಫ್ರಿಜ್ಜು ಫ್ಯಾನುಗಳೇ ತಿಂದು ಮುಗಿಸುತ್ತಿದ್ದವು, ಬ್ಯಾಟರಿಗೆ ಏಕಾದಶಿ. ಮನೆಯ ಮುಂದೆ ನಿಂತಾಗ ಗೋಡೆಯ ಪ್ಲಗ್ಗಿನಿಂದ ಚಾರ್ಜರಿನಲ್ಲಿ ತುಂಬಿಸುತ್ತಿದ್ದೆನಾದ್ದರಿಂದ ಈ ದೋಷ ಬಹಳ ದಿನ ಮುಚ್ಚಿಹೋಗಿತ್ತು.

ಮುಂದಿನದು ಇಪ್ಪತ್ತು ನಿಮಿಷದ ಕೆಲಸ. ಎಂಜಿನ್ ನಿಲ್ಲಿಸಿ, ಮೈನಸ್ ತಂತಿ ಬಿಚ್ಚಿ, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಬಣ್ಣವನ್ನೂ ತುಕ್ಕನ್ನೂ ಉಜ್ಜಿ, ತಂತಿಯ ತುದಿಗೆ ಹೊಸ ತಾಮ್ರದ ಲಗ್ಗು ಹಾಕಿ ಬಿಗಿದು, ಮೇಲೆ ವ್ಯಾಸಲೀನು ಸವರಿದರು. ಪುನಃ ಅಳೆದಾಗ ಆ ೧.೯ ಇದ್ದಲ್ಲಿ ೦.೧ ಕೂಡ ಇರಲಿಲ್ಲ. ಅರ್ಧ ಗಂಟೆಯಲ್ಲಿ ಹಿಂದಿನ ಬ್ಯಾಟರಿಯ ಮೇಲೆ ೧೩.೪ ವೋಲ್ಟು ಬಂತು. ಫ್ರಿಜ್ಜು ಗುಂಯ್ ಎಂದಿತು.

“ಇನ್ನು ಹೊರಡಬಹುದೇ?” ಎಂದೆ. “ವೋಲ್ಟು ಕಂಡೊಡನೆ ಹೊಟ್ಟೆ ತುಂಬಿತೆಂದಲ್ಲ” ಎಂದರು. ೧೦೦ ಆಂಪಿಯರ್-ಗಂಟೆಯ ಬ್ಯಾಟರಿ ಮೊದಮೊದಲು ಗಬಗಬ ತಿನ್ನುತ್ತದೆ, ತುಂಬುತ್ತ ಬಂದಂತೆ ನಿಧಾನಿಸುತ್ತದೆ. ಪೂರ್ತಿ ತುಂಬಲು ಎಂಟು ಹತ್ತು ಗಂಟೆಯಾದರೂ ಬೇಕು. ಬರಿದಾದದ್ದನ್ನು ಹಾಗೆಯೇ ಬಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಆಗ ನಿಜವಾಗಿಯೂ ಸಾಯುತ್ತದೆ. ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ ೧೮೫೯ರಲ್ಲಿ ಇದನ್ನು ಕಂಡುಹಿಡಿದಂದಿನಿಂದಲೂ ಇದರ ಸ್ವಭಾವ ಇದೇ. ಆ ರಾತ್ರಿ ಅಲ್ಲಿಯೇ ತಂಗಿ, ಅವರ ಅಂಗಡಿಯ ಚಾರ್ಜರಿಗೆ ಬ್ಯಾಟರಿಯನ್ನು ಒಪ್ಪಿಸಿದೆವು. ವೈದ್ಯರಿಗೆ ಫೋನು ಮಾಡಿ ಕೇಳಿದೆ. ಉಪಯೋಗಿಸುತ್ತಿರುವ ಸೀಸೆ ೩೦ ಡಿಗ್ರಿಯೊಳಗಿದ್ದರೆ ನಾಲ್ಕು ವಾರ ಕೆಡುವುದಿಲ್ಲ, ಆದರೆ ಬಿಸಿಲು ಕಂಡದ್ದನ್ನು ನಂಬಬೇಡಿ, ಹೊಸದು ತೆಗೆಯಿರಿ ಎಂದರು, ಹಾಗೆಯೇ ಮಾಡಿದೆವು.

ರಾತ್ರಿ ಊಟವಾದ ಮೇಲೆ ಅವ್ವ ಮೆಲ್ಲಗೆ ಅಂದಳು: “ನಿನ್ನೆ ರಾತ್ರೀನ ಬಾಟ್ಲಿ ತಣ್ಣಗ ಹತ್ತಲಿಲ್ಲಪಾ. ನೀವೆಲ್ಲಾ ಖುಷೀಲೆ ಇದ್ರಿ, ಹೇಳಿ ಯಾಕ ತ್ರಾಸ ಕೊಡೂದು ಅಂತ ಸುಮ್ಮನಾದೆ.” ನನಗೆ ಮಾತು ಹೊರಡಲಿಲ್ಲ. ಹೆಂಡತಿ ಫ್ಯಾನಿನ ವಿಷಯ ಹೇಳಿದಾಗ ಕೇಳಲಿಲ್ಲ. ಕೇಳದವನೆಂದು ತಿಳಿದು ಅವ್ವ ಹೇಳಲೇ ಇಲ್ಲ. ಮನೆಯವರಿಗೆ ಎಲ್ಲವನ್ನೂ ಒದಗಿಸಿದ್ದೇನೆ ಎಂದು ನಾನು ಬೀಗಿದ್ದೆ. ಅವರಿಂದ ನನ್ನ ಕಡೆಗೆ ಮಾತು ಮರಳಿ ಬರುವ ದಾರಿ ತುಕ್ಕುಹಿಡಿದದ್ದನ್ನು ನೋಡಿರಲಿಲ್ಲ.

ಬೆಳಿಗ್ಗೆ ಬ್ಯಾಟರಿ ೧೨.೭ ತೋರಿಸಿತು. ಯಜಮಾನರು ಲಗ್ಗು ಬೋಲ್ಟುಗಳ ಬೆಲೆ ಮಾತ್ರ ತೆಗೆದುಕೊಂಡರು. ಹೆಚ್ಚು ಕೊಡಹೋದರೆ, “ಆ ದುಡ್ಡಿಗೆ ನಮ್ಮೂರ ಬೆಲ್ಲ ಕೊಳ್ಳಿ” ಎಂದರು. ಒಂದು ಅಚ್ಚು ಕೊಂಡೆ. ಅವ್ವ ಅದನ್ನು ಮೂಗಿನ ಹತ್ತಿರ ಹಿಡಿದು, “ವಾಸನಿಗೇನ್ ಪಥ್ಯ ಇಲ್ಲಲ್ಲ” ಎಂದು ನಕ್ಕಳು.

ಈಗ ಗಾಡಿಯಲ್ಲಿ ಒಂದು ಮಲ್ಟಿಮೀಟರು ಇದೆ. ಅವ್ವನ ಅಪ್ಪಣೆಯಂತೆ ಒಂದು ಮಣ್ಣಿನ ಮಡಕೆಯೂ ಇದೆ. ಒದ್ದೆ ಬಟ್ಟೆ ಸುತ್ತಿದರೆ ಒಣಹವೆಯ ಸೀಮೆಯಲ್ಲಿ ಅದು ಔಷಧಿಯನ್ನು ಸ್ವಲ್ಪ ಕಾಲ ಕಾಪಾಡುತ್ತದೆ. ಕರಾವಳಿಯ ತೇವದಲ್ಲಿ ಅಷ್ಟಾಗಿ ಅಲ್ಲ. ಹೊರಡುವ ಮುನ್ನ ಬೋಲ್ಟನ್ನು ನೋಡುತ್ತೇನೆ. ಆಮೇಲೆ ಹಿಂದಕ್ಕೆ ತಿರುಗಿ, “ಎಲ್ಲಾ ಸರಿ ಅದ ಏನು?” ಎಂದು ಕೇಳುತ್ತೇನೆ, ಉತ್ತರ ಬರುವವರೆಗೆ ಗೇರು ಹಾಕುವುದಿಲ್ಲ.