ದರಗು

ಪೆರ್ಲದ ಸಮೀಪ, ಮುರಕಲ್ಲಿನ ಗುಡ್ಡೆಯ ಇಳಿಜಾರಿನಲ್ಲಿ ನಮ್ಮ ಹಿರಿಯರ ಹೆಂಚಿನ ಮನೆಯಿದೆ. ಕೆಳಗೆ ಅಡಕೆ ತೋಟ. ಮೇಲೆ ಗೇರು, ಹಲಸು, ಎಂದೋ ನೆಟ್ಟು ಮರೆತ ಅಕೇಶಿಯಾ. ನನ್ನ ಬಾಲ್ಯದಲ್ಲಿ ಆ ಗುಡ್ಡೆಯ ಒಣ ಎಲೆ ಬೇಸಿಗೆ ಮುಗಿಯುವವರೆಗೆ ಉಳಿದದ್ದಿಲ್ಲ. ಮಕರ ತಿಂಗಳು ಬಂತೆಂದರೆ ಅಜ್ಜಿ ಹಿಡಿಸೂಡಿ, ಹೆಡಿಗೆಗಳೊಡನೆ ದರಗು ಗುಡಿಸಲು ಹೊರಡುತ್ತಿದ್ದರು. ಆ ದರಗು ಹಟ್ಟಿಯಲ್ಲಿ ದನಗಳ ಕಾಲಡಿಯ ಹಾಸಾಗಿ, ಮತ್ತೆ ಗೊಬ್ಬರವಾಗಿ ಅಡಕೆ ಮರದ ಬುಡ ಸೇರುತ್ತಿತ್ತು. ಮಳೆಗಾಲದಲ್ಲಿ ಬಿದ್ದ ಮರದ ಗೆಲ್ಲುಗಳು ಬಚ್ಚಲೊಲೆಗೆ ಸಲ್ಲುತ್ತಿದ್ದವು. ವರ್ಗ ಭೂಮಿಗೆ ತಾಗಿದ ಕುಮ್ಕಿ ಗುಡ್ಡೆಯಿಂದ ಸೊಪ್ಪು, ದರಗು, ಸೌದೆ ತರುವ ಸವಲತ್ತು, ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರುವ ಮೊದಲೇ, ದಕ್ಷಿಣ ಕನ್ನಡ ಜಿಲ್ಲೆಯ ಕಾಲದಲ್ಲೇ ಇದ್ದದ್ದು. ಇದು ಬೆಂಕಿಯನ್ನು ತಡೆಯುವ ಉಪಾಯವೆಂದು ಅಂದು ಯಾರೂ ಹೇಳಲಿಲ್ಲ. ಅದು ನಿತ್ಯದ ಕೆಲಸವಾಗಿತ್ತು.

ಹಟ್ಟಿ ಬರಿದಾಯಿತು, ಗ್ಯಾಸ್ ಒಲೆ ಬಂತು. ಒಂದು ವರ್ಷ ಆಟಿ ತಿಂಗಳ ಗಾಳಿಗೆ ಮನೆಯ ಹಿಂಬದಿಯ ಎರಡು ಅಕೇಶಿಯಾಗಳು ಬೇರುಸಹಿತ ಉರುಳಿದವು. ಕಡಿಸುವ ಕೂಲಿ ಮರದ ಬೆಲೆಗಿಂತ ಹೆಚ್ಚೆಂದು ಲೆಕ್ಕ ಹಾಕಿ, ಅಲ್ಲೇ ಕೊಳೆಯಲಿ ಎಂದವನು ನಾನು. "ಗೆಲ್ಲನ್ನಾದರೂ ತೆಗೆಸು ಮಗಾ" ಎಂದು ಅಮ್ಮ ಎರಡು ಬಾರಿ ಹೇಳಿದ್ದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗುಡ್ಡೆಯ ಮುಳಿಹುಲ್ಲಿಗೆ ಬೆಂಕಿ ಬಿತ್ತು. ಬೆಂಕಿ ಏರುವಷ್ಟು ವೇಗವಾಗಿ ಇಳಿಯುವುದಿಲ್ಲ. ಅದೇ ನಮ್ಮ ಪುಣ್ಯ. ಆದರೆ ದರಗಿನ ಮೇಲೆ ಹರಿದು ಬಂದು ಬಿದ್ದ ಮರಗಳ ಒಣಗೆಲ್ಲುಗಳನ್ನು ಮುಟ್ಟಿದೊಡನೆ, ಮೊಣಕಾಲೆತ್ತರದ ಉರಿ ಆಳೆತ್ತರವಾಯಿತು. ಕಿಡಿಗಳು ಹಾರಿ ಖಾಲಿ ಹಟ್ಟಿಯ ಸೋಗೆಯ ಮಾಡಿನ ಮೇಲೆ ಬಿದ್ದವು. ಸುರಂಗದ ನೀರು ಆ ದಿನಗಳಲ್ಲಿ ಬೆರಳಿನಷ್ಟು ದಪ್ಪ ಮಾತ್ರ. ನೆರೆಯವರು ಹಸಿ ಗೆಲ್ಲುಗಳಿಂದ ಬಡಿದು ಬಡಿದು ಮನೆಯನ್ನು ಉಳಿಸಿದರು, ಹಟ್ಟಿ ಉಳಿಯಲಿಲ್ಲ. ಮರದ ಕಾಂಡಗಳು ಮತ್ತೆರಡು ದಿನ ಒಳಗೊಳಗೇ ಹೊಗೆಯಾಡಿದವು. ಅಮ್ಮ ಆ ಎರಡು ರಾತ್ರಿಯೂ ಕೊಡಪಾನ ಪಕ್ಕದಲ್ಲಿಟ್ಟು ಜಗಲಿಯಲ್ಲೇ ಕುಳಿತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳಿತಿತ್ತು.

ಈಗ ಮಳೆ ಬಿಟ್ಟೊಡನೆ ಗುಡ್ಡೆ ಹತ್ತುತ್ತೇನೆ. ಮೊದಲು ಉರಿಯುವುದು ದಪ್ಪ ಕಾಂಡವಲ್ಲ, ಎಲೆ ಮತ್ತು ಬೆರಳು ಗಾತ್ರದ ಕಡ್ಡಿ. ಅವನ್ನು ತೋಟಕ್ಕೆ ಸಾಗಿಸಿ ಅಡಕೆ ಮರದ ಬುಡಕ್ಕೆ ಹೊದಿಸುತ್ತೇವೆ. ಮನೆಯ ಸುತ್ತ ಹತ್ತು ಮೀಟರಿನೊಳಗೆ ದರಗು ನಿಲ್ಲಗೊಡುವುದಿಲ್ಲ. ಹೆಂಚಿನ ಸಂದುಗಳನ್ನೂ ಗುಡಿಸುತ್ತೇವೆ. ಸೌದೆಯನ್ನು ಗೋಡೆಗೆ ಒಟ್ಟುವುದಿಲ್ಲ. ದೂರದಲ್ಲಿ ಬಿದ್ದ ಕಾಂಡಗಳನ್ನು ಮಾತ್ರ ಗೆಲ್ಲು ಸವರಿ, ಇಳಿಜಾರಿಗೆ ಅಡ್ಡವಾಗಿ, ಮಣ್ಣಿಗೆ ತಾಗುವಂತೆ ಮಲಗಿಸುತ್ತೇವೆ. ಅವು ಮಳೆಯ ನೀರನ್ನೂ ಮಣ್ಣನ್ನೂ ತಡೆದು, ಅಣಬೆಗೂ ಗೆದ್ದಲಿಗೂ ಆಹಾರವಾಗಿ ನಿಧಾನಕ್ಕೆ ಕರಗುತ್ತವೆ. ಬಿದ್ದ ಮರವೆಲ್ಲವೂ ಕಸವಲ್ಲ.

ಉತ್ತರಪತ್ರಿಕೆಯಲ್ಲಿ 'ತರಗೆಲೆ' ಎಂದು ಬರೆಯುವ ನಿಮ್ಮಲ್ಲಿ ಹಲವರು ಮನೆಯಲ್ಲಿ 'ದರಗು' ಎನ್ನುವವರೇ. ಆ ಮಾತು ನಮ್ಮಲ್ಲಿ ಉಳಿದಿದೆ. ಅದರ ಹಿಂದಿನ ಕೆಲಸವನ್ನು ನಾನು ಬಿಟ್ಟುಬಿಟ್ಟಿದ್ದೆ. ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಮಾರ್ಚ್ ಬರುವ ಮೊದಲೇ ಕೇಳಿ.