ಸಾಲ್ಹೇರ್ ಗುಹೆಯಲ್ಲಿ ಒಂದು ರಾತ್ರಿ

2025ರಲ್ಲಿ ಸಾಲ್ಹೇರ್ ಕೋಟೆ ಯುನೆಸ್ಕೋ ಪಟ್ಟಿಗೆ ಸೇರಿದ ಸುದ್ದಿ ಓದಿದಾಗ, ಅಲ್ಲಿ ಪುಕ್ಕಟೆ ಮಲಗಿದ್ದ ಒಂದು ರಾತ್ರಿ ನೆನಪಾಯ್ತು.

2019ರ ಜನವರಿ. ಮಾಲೇಗಾಂವಿನ ಮಗ್ಗಗಳ ಸದ್ದು ಸಾಕಾಗಿ ಮಗನ ಜೊತೆ ಸಟಾಣಾ, ತಾಹರಾಬಾದ್ ದಾಟಿ ಹೋಗಿದ್ದೆ. 1567 ಮೀಟರ್, ಮಹಾರಾಷ್ಟ್ರದಲ್ಲೇ ಅತಿ ಎತ್ತರದ ಕೋಟೆ. 1672ರಲ್ಲಿ ಮರಾಠರು ಮೊಘಲರನ್ನು ಬಯಲು ಯುದ್ಧದಲ್ಲಿ ಸೋಲಿಸಿದ್ದು ಇಲ್ಲೇ. ಹೊತ್ತೊಯ್ದ ಟೆಂಟು ಬಿಚ್ಚಲೇ ಇಲ್ಲ. ಗಂಗಾಸಾಗರ ಕೆರೆಯ ಹತ್ತಿರ, ರೇಣುಕಾ ಗುಡಿಯ ಬಳಿ, ಬಂಡೆಯಲ್ಲಿ ಕೊರೆದ ಗುಹೆಗಳಿವೆ. ಚಾಪೆ ಹಾಸಿದ್ದೇ ರೂಮು! ಗಂಜಿ, ಉಪ್ಪಿನಕಾಯಿ, ಮೈ ಕೊರೆಯುವ ಚಳಿ. ಗಾಳಿ ಬಿಟ್ಟರೆ ಬೇರೆ ಸದ್ದೇ ಇಲ್ಲ.

ಬೆಳಿಗ್ಗೆ ತುದಿಯ ಪರಶುರಾಮನ ಗುಡಿಗೆ ಹತ್ತಿದೆವು. ಅವನು ಬಾಣ ಬಿಟ್ಟು ಸಮುದ್ರವನ್ನು ಹಿಂದೆ ಸರಿಸಿದ್ದು ಇಲ್ಲಿಂದಲೇ ಅಂತ ಈ ಕಡೆಯವರ ನಂಬಿಕೆ. ನಮ್ಮ ಕುಂದಾಪುರದಲ್ಲಿ ಅಮ್ಮ ಹೇಳುತ್ತಿದ್ದ ಪರಶುರಾಮ ಸೃಷ್ಟಿಯ ಕಥೆಯನ್ನು ಮಗನಿಗೆ ಹೇಳಿದೆ. ಸಮುದ್ರ ಬಿಟ್ಟುಕೊಟ್ಟ ನೆಲವೇ ನಮ್ಮದು ಅಂತ.

"ಹಾಗಾದ್ರೆ ನಮ್ಮೂರು ಯಾವ ಕಡೆ?" ಅಂದ.

ದಕ್ಷಿಣಕ್ಕೆ ಕೈ ತೋರಿಸಿದೆ. ಅಲ್ಲಿಯವರೆಗೂ ಅವನು "ನಿಮ್ಮೂರು" ಅನ್ನುತ್ತಿದ್ದ.